ರೂಂ ಖಾಲಿ ಇಲ್ಲ

2018ರ ಆಗಸ್ಟಿನಲ್ಲಿ, ಎಂ.ಎ.ಗೆ ಸೇರಿದ ಒಂದು ತಿಂಗಳಿಗೆ, ಮೈಸೂರಿನ ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಿ ನನಗೆ ರಿಸೆಪ್ಷನಿಸ್ಟ್ ಕೆಲಸ ಸಿಕ್ಕಿತು. ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಪಾಳಿ, ತಿಂಗಳಿಗೆ 7,000 ರೂಪಾಯಿ, ಜೊತೆಗೆ ರಾತ್ರಿಯ ಊಟ. ಮ್ಯಾನೇಜರು ಕೇಳಿದ್ದು ಮೂರೇ ಪ್ರಶ್ನೆ. ಇಂಗ್ಲಿಷ್ ಓದೋಕೆ ಬರುತ್ತಾ? ಯಾವೂರು? ಎಲ್ಲಿ ಉಳ್ಕೊಂಡಿದ್ದೀಯ? ಮೊದಲನೆಯದಕ್ಕೆ ಬರುತ್ತೆ ಅಂದೆ. ಎರಡನೆಯದಕ್ಕೆ ತಾಲ್ಲೂಕಿನ ಹೆಸರು ಹೇಳಿದೆ, ಊರಿನ ಹೆಸರು ಹೇಳಲಿಲ್ಲ. ಮೂರನೆಯದಕ್ಕೆ ಹಾಸ್ಟೆಲಿನಲ್ಲಿ ಅಂದೆ. ಯಾವ ಹಾಸ್ಟೆಲ್ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಳೇ ಮೈಸೂರಿನ ಕಡೆಯವರಿಗೆ ಇದೊಂದು ಅನುಕೂಲ. ನಮ್ಮ ಹೆಸರಿನ ಮುಂದೆ ಇರುವುದು ಊರು, ಅಪ್ಪ ಇಬ್ಬರ ಇನಿಶಿಯಲ್ಲುಗಳು, ಅಡ್ಡಹೆಸರು ಇಲ್ಲ. ಹೆಸರು ಕೇಳಿದ ಮಾತ್ರಕ್ಕೆ ಎಲ್ಲವೂ ಗೊತ್ತಾಗಿಬಿಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಹೆಸರಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಯಾರ ಪೈಕಿ?

ಕೆಲಸ ಕಲಿಸಿದ್ದು ಹಗಲು ಪಾಳಿಯ ಅಣ್ಣ. ಅದೇ ಕೌಂಟರಿನ ಹಿಂದೆ ಕೂದಲು ಬೆಳ್ಳಗೆ ಮಾಡಿಕೊಂಡವರು. ಬೆನ್ನ ಹಿಂದೆ ಮರದ ಹಲಗೆಯ ಮೇಲೆ ಕೊಂಡಿಗಳು, ಕೊಂಡಿಗೊಂದು ಬೀಗದ ಕೈ, ಬೀಗದ ಕೈಗೊಂದು ಭಾರದ ಹಿತ್ತಾಳೆ ಬಿಲ್ಲೆ. ಗಿರಾಕಿ ಮರೆತು ಜೇಬಿನಲ್ಲಿಟ್ಟುಕೊಂಡು ಹೋಗದಿರಲಿ ಅಂತ ಅಷ್ಟು ಭಾರ. 18 ರೂಮು, 18 ಕೊಂಡಿ. ಕೊಂಡಿ ಬೋಳಾಗಿದ್ದರೆ ರೂಮು ಭರ್ತಿ, ಬೀಗದ ಕೈ ತೂಗುತ್ತಿದ್ದರೆ ಖಾಲಿ. ಕೌಂಟರಿನ ಮೇಲೆ ಉದ್ದನೆಯ ರಿಜಿಸ್ಟರು. ಹೆಸರು, ವಯಸ್ಸು, ವಿಳಾಸ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಕಾರಣ, ಬಂದ ಹೊತ್ತು, ಸಹಿ. ಗಿರಾಕಿಯ ಕೈಯಲ್ಲೇ ಬರೆಸಬೇಕು, ಬರೆಯಲು ಬಾರದವರಿಗೆ ನಾವು ಬರೆದು ಹೆಬ್ಬೆಟ್ಟು ಒತ್ತಿಸಬೇಕು. ಗುರುತಿನ ಚೀಟಿಯ ಜೆರಾಕ್ಸು, ಅಡ್ವಾನ್ಸು, ರಸೀದಿ. ಇಷ್ಟು ಕಲಿಯಲು ಒಂದು ರಾತ್ರಿ ಸಾಕು.

ಎರಡನೇ ರಾತ್ರಿ ಅಣ್ಣ ಹೇಳಿಕೊಟ್ಟ ಪಾಠ ಬೇರೆ. "ಬಾಗಿಲಲ್ಲಿ ಯಾರಾದ್ರೂ ಬಂದ್ರೆ ಮೊದ್ಲು ಕಾಲು ನೋಡು. ಆಮೇಲೆ ಕೈಲಿರೋ ಬ್ಯಾಗು. ಕೊನೇಗೆ ಮುಖ. ಅಷ್ಟ್ರಲ್ಲಿ ಅವ್ರು ಕೌಂಟರ್ ಹತ್ರ ಬಂದಿರ್ತಾರೆ. ಕೊಡೋದಾದ್ರೆ ರಿಜಿಸ್ಟರು ತಿರುಗ್ಸು. ಕೊಡೋದಿಲ್ಲ ಅಂದ್ರೆ ರೂಂ ಖಾಲಿ ಇಲ್ಲ ಅನ್ನು. ಕಾರಣ ಹೇಳ್ಬೇಡ. ಕಾರಣ ಹೇಳಿದ್ರೆ ಜಗಳ, ಖಾಲಿ ಇಲ್ಲ ಅಂದ್ರೆ ಜಗಳ ಇಲ್ಲ."

ಈಗ ನಾನು ಪಿಎಚ್.ಡಿ. ಮಾಡುತ್ತಿರುವುದು ಪ್ರಯಾಣಿಕರ ತಂಗುದಾಣಗಳ ಚರಿತ್ರೆಯ ಮೇಲೆ. ಛತ್ರ, ಮುಸಾಫಿರಖಾನೆ, ಟ್ರಾವೆಲರ್ಸ್ ಬಂಗಲೆ, ಬೋರ್ಡಿಂಗ್ ಅಂಡ್ ಲಾಡ್ಜಿಂಗ್. ವಿಷಯ ಹೇಗೆ ಹೊಳೆಯಿತು ಎಂದು ಕೇಳಿದವರಿಗೆ ಲಾಡ್ಜಿನಲ್ಲಿ ಕೆಲಸ ಮಾಡಿದ್ದೆ ಎನ್ನುತ್ತೇನೆ. ಅದು ಅರ್ಧ ಉತ್ತರ.

ಕೌಂಟರಿಗೂ ಒಂದು ಚರಿತ್ರೆಯಿದೆ. ಹೋಟೆಲ್ ಉದ್ಯಮದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಅಮೆರಿಕದ ಬಾಸ್ಟನ್ನಿನಿಂದ ಆರಂಭಿಸುತ್ತಾರೆ. 1829ರಲ್ಲಿ ಅಲ್ಲಿ ತೆರೆದ ಟ್ರೆಮಾಂಟ್ ಹೌಸ್, ಪ್ರತಿ ರೂಮಿಗೂ ಬೀಗ ಹಾಕುವ ಬಾಗಿಲು, ಒಳಗೆ ನೀರು, ಬಿಟ್ಟಿ ಸೋಪು ಇತ್ಯಾದಿಗಳಿಂದ ಹೆಸರು ಮಾಡಿತು. ಪ್ರತಿ ರೂಮಿಗೂ ಬೀಗ ಬಂದಮೇಲೆ ಬೀಗದ ಕೈಗಳನ್ನು ಕಾಯುವವನೊಬ್ಬ ಬೇಕೇ ಬೇಕು. ನಮ್ಮ ಕೆಲಸದ ಈಗಿನ ರೂಪ ಅಲ್ಲಿಂದ ಬಂತು ಎನ್ನುವುದನ್ನು ಒಪ್ಪೋಣ. ಆದರೆ ದಾರಿಹೋಕರನ್ನು ಬಾಗಿಲಲ್ಲಿ ನಿಲ್ಲಿಸಿ ಲೆಕ್ಕ ಹಾಕುವ ಕೆಲಸ ಬಾಸ್ಟನ್ನಿಗಿಂತ ಬಹಳ ಹಳೆಯದು.

17ನೇ ಶತಮಾನದಲ್ಲಿ ಭಾರತದಲ್ಲಿ ಬದುಕಿದ ವೆನಿಸ್ಸಿನ ನಿಕೊಲಾವೊ ಮನೂಚಿ ಮೊಗಲರ ಕಾಲದ ಸರಾಯಿಗಳನ್ನು ವರ್ಣಿಸಿದ್ದಾನೆ. ಕೋಟೆಯಂತೆ ಗೋಡೆ, ಗಟ್ಟಿಯಾದ ಬಾಗಿಲು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೇಲ್ವಿಚಾರಕ ಎಲ್ಲರಿಗೂ ಅವರವರ ಸಾಮಾನು ಜೋಪಾನವೆಂದು ಕೂಗಿ ಹೇಳುತ್ತಿದ್ದ. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಮೂರು ಸಲ ಎಚ್ಚರಿಕೆ. ಯಾರದಾದರೂ ವಸ್ತು ಕಾಣೆಯಾಗಿದ್ದರೆ ಅದು ಸಿಗುವವರೆಗೆ ಬಾಗಿಲು ತೆರೆಯುವಂತಿಲ್ಲ. ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ನಮ್ಮ ಲಾಡ್ಜಿನಲ್ಲಿ ಚೆಕ್-ಔಟ್ ಎಂದರೆ ರೂಂ ಬಾಯ್ ಮೇಲೆ ಓಡಿಹೋಗಿ ಟವೆಲ್, ಟಿ.ವಿ. ರಿಮೋಟು ಎಣಿಸಿಕೊಂಡು ಬಂದು ತಲೆಯಾಡಿಸುವುದು. ಅಲ್ಲಿಯವರೆಗೆ ಗಿರಾಕಿಯ ಅಡ್ವಾನ್ಸು ನನ್ನ ಡ್ರಾಯರಿನಲ್ಲಿ. ಮನೂಚಿಯ ಸರಾಯಿಯಲ್ಲಿ ಕಾಯುತ್ತಿದ್ದುದು ಪ್ರಯಾಣಿಕನ ಸಾಮಾನನ್ನು. ನಾವು ಕಾಯುತ್ತಿದ್ದುದು ಪ್ರಯಾಣಿಕನಿಂದ ಮಾಲೀಕನ ಸಾಮಾನನ್ನು.

ಅದಕ್ಕೂ ಹಿಂದೆ, 1540ರಿಂದ 1545ರವರೆಗೆ ಆಳಿದ ಶೇರ್ ಷಾ ಹೆದ್ದಾರಿಗಳಲ್ಲಿ ಎರಡೆರಡು ಕೋಸಿಗೊಂದರಂತೆ 1,700 ಸರಾಯಿಗಳನ್ನು ಕಟ್ಟಿಸಿದ ಎಂದು ಅಬ್ಬಾಸ್ ಖಾನ್ ಸರ್ವಾನಿ ಬರೆಯುತ್ತಾನೆ. ಆಸ್ಥಾನದ ಚರಿತ್ರಕಾರರ ಸಂಖ್ಯೆಗಳನ್ನು ಸ್ವಲ್ಪ ಉಪ್ಪು ಸೇರಿಸಿಯೇ ನುಂಗಬೇಕು. ನನಗೆ ಆಸಕ್ತಿ ಹುಟ್ಟಿಸಿದ್ದು ಸಂಖ್ಯೆಯ ಪಕ್ಕದ ವಿವರ: ಹಿಂದೂಗಳಿಗೂ ಮುಸಲ್ಮಾನರಿಗೂ ಪ್ರತ್ಯೇಕ ವಸತಿ, ಹಿಂದೂಗಳಿಗೆ ನೀರು ಕೊಡಲು, ಅಡುಗೆ ನೋಡಿಕೊಳ್ಳಲು ಬ್ರಾಹ್ಮಣರು. ಪಠ್ಯಪುಸ್ತಕಗಳು ಇದನ್ನು ಸೌಲಭ್ಯ ಎಂದು ಹೇಳಿಕೊಡುತ್ತವೆ. ಸೌಲಭ್ಯವೇ ಇರಬಹುದು. ಆದರೆ ಬಾಗಿಲಿಗೆ ಬಂದವನು ಈ ಕಡೆಯವನೋ ಆ ಕಡೆಯವನೋ ಎಂದು ತೀರ್ಮಾನಿಸಲು ಅಲ್ಲೊಬ್ಬ ನಿಂತಿರಲೇಬೇಕಲ್ಲ. ಅವನು ಏನು ನೋಡಿ ತೀರ್ಮಾನಿಸುತ್ತಿದ್ದ? ಕಾಲನ್ನೋ, ಗಂಟನ್ನೋ, ಮುಖವನ್ನೋ?

ರಿಜಿಸ್ಟರಿನ ಕಥೆ ಹೆಚ್ಚು ಸ್ಪಷ್ಟ. ಅದರ ಪೂರ್ವಜರಲ್ಲೊಂದು 1867ರ ಸರಾಯಿ ಕಾಯ್ದೆ. ಬ್ರಿಟಿಷ್ ಆಡಳಿತ ತಂದ ಚಿಕ್ಕ ಕಾಯ್ದೆ ಅದು, ಒಂದು ಚಹಾ ಮುಗಿಯುವಷ್ಟರಲ್ಲಿ ಓದಬಹುದು. ಸರಾಯಿಗಳೆಲ್ಲ ನೋಂದಣಿಯಾಗಬೇಕು. ಸರಾಯಿ ನಡೆಸುವವನು ಒಳ್ಳೆಯ ನಡತೆಯ ಪ್ರಮಾಣಪತ್ರ ತೋರಿಸದಿದ್ದರೆ ಮ್ಯಾಜಿಸ್ಟ್ರೇಟ್ ನೋಂದಣಿ ನಿರಾಕರಿಸಬಹುದು. ಅವನ ಕರ್ತವ್ಯಗಳ ಪಟ್ಟಿಯಲ್ಲಿ ಮೊದಲನೆಯದು, ತಂಗಿದವರಲ್ಲಿ ಯಾರಿಗಾದರೂ ಸಾಂಕ್ರಾಮಿಕ ರೋಗ ಬಂದರೆ ಅಥವಾ ಅದರಿಂದ ಯಾರಾದರೂ ಸತ್ತರೆ ಕೂಡಲೇ ಪೊಲೀಸ್ ಠಾಣೆಗೆ ತಿಳಿಸುವುದು. (2020ರ ಮಾರ್ಚಿನಲ್ಲಿ ಲಾಡ್ಜಿನ ಕೌಂಟರಿಗೆ ಜ್ವರ ನೋಡುವ ಪಿಸ್ತೂಲು ಬಂದಾಗ ಮ್ಯಾನೇಜರು ಎಂದೂ ಕಂಡುಕೇಳದ ಕಾಲ ಬಂತು ಎಂದು ತಲೆ ಚಚ್ಚಿಕೊಂಡಿದ್ದರು. ಅದು ನಮ್ಮ ವೃತ್ತಿಯ 153 ವರ್ಷ ಹಳೆಯ ಕರ್ತವ್ಯವೆಂದು ಆಗ ನನಗೂ ತಿಳಿದಿರಲಿಲ್ಲ.) ಕೋಣೆ, ಚರಂಡಿ, ಬಾವಿ ಶುಚಿಯಾಗಿಡಬೇಕು. ಕಾವಲುಗಾರರನ್ನಿಡಬೇಕು. ದರಪಟ್ಟಿಯನ್ನು ಮ್ಯಾಜಿಸ್ಟ್ರೇಟ್ ಹೇಳಿದ ಭಾಷೆಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು. ನಮ್ಮಲ್ಲಿ ದರಪಟ್ಟಿ ಚಾಮುಂಡೇಶ್ವರಿಯ ದೊಡ್ಡ ಕ್ಯಾಲೆಂಡರಿನ ಹಿಂದೆ ಇತ್ತು. ದಸರೆಯಲ್ಲಿ ಕ್ಯಾಲೆಂಡರಿನ ಮೇಲೆ ಹೂವಿನ ಹಾರವೂ ಬೀಳುತ್ತಿದ್ದರಿಂದ ಯಾರೂ ಎತ್ತಿ ನೋಡುತ್ತಿರಲಿಲ್ಲ.

ಆ ಕಾಯ್ದೆಯ 8ನೇ ಕಲಮು ನನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ತಿಂದಿದೆ. ಮ್ಯಾಜಿಸ್ಟ್ರೇಟ್ ಬಯಸಿದರೆ, ಹಿಂದಿನ ಹಗಲು ಅಥವಾ ರಾತ್ರಿ ಸರಾಯಿಗೆ ಬಂದ ಪ್ರತಿಯೊಬ್ಬರ ಬಗ್ಗೆ ಸರಾಯಿ ನಡೆಸುವವನು ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ವರದಿ ಒಪ್ಪಿಸಬೇಕು. ಬರಹದಲ್ಲಾದರೆ ಖಾಲಿ ನಮೂನೆಗಳನ್ನು ಸರ್ಕಾರವೇ ಕೊಡುತ್ತದೆ. ರೈಲು ಹಳಿಗಳು ಹರಡುತ್ತಿದ್ದ, 1857 ಇನ್ನೂ ಹತ್ತೇ ವರ್ಷ ಹಿಂದಿದ್ದ ಕಾಲ. ಯಾರು ಎಲ್ಲಿ ಮಲಗಿದ್ದಾರೆ ಎಂದು ತಿಳಿಯುವ ಆಸೆ ಸರ್ಕಾರಕ್ಕಿತ್ತು. ಆ ಆಸೆ ಮುಂದೆ ಕಡಿಮೆಯಾಗಲಿಲ್ಲ. 1946ರ ವಿದೇಶಿಯರ ಕಾಯ್ದೆ ಪರದೇಶದ ಅತಿಥಿಗಳ ವಿವರ ಒಪ್ಪಿಸುವ ಹೊಣೆಯನ್ನು ಹೋಟೆಲಿನವರ ಮೇಲೆ ಹೊರಿಸಿತು. ನಾನು ಕೆಲಸಕ್ಕೆ ಸೇರಿದಾಗ 'ಸಿ ಫಾರಂ' ಎಂದರೆ ಅದೇ, 24 ಗಂಟೆಯೊಳಗೆ ಕಳಿಸಬೇಕು. 2025ರಲ್ಲಿ ಆ ಕಾಯ್ದೆ ಹೋಗಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಹೊಣೆ ಹೋಗಿಲ್ಲ. ಸ್ವದೇಶಿಗಳ ರಿಜಿಸ್ಟರನ್ನು ನೋಡಲು ನಮ್ಮಲ್ಲಿಗೆ ಆಗಾಗ ಬೀಟ್ ಪೊಲೀಸರು ಬರುತ್ತಿದ್ದರು. ಪುಟ ತಿರುವಿ, ಕೊನೆಯ ಹೆಸರಿನ ಕೆಳಗೆ ಸಹಿ ಹಾಕಿ, ಚಹಾ ಕುಡಿದು ಹೋಗುತ್ತಿದ್ದರು.

ಹೀಗೆ ತಂಗಿದವರ ದಾಖಲೆ ಸರ್ಕಾರದ ಹತ್ತಿರ ಉಂಟು, ಮಾಲೀಕನ ಹತ್ತಿರ ಉಂಟು. ನನ್ನ ಮಾರ್ಗದರ್ಶಕರು ಮೊದಲ ಅಧ್ಯಾಯ ಓದಿ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಬರೆದು ಕಳಿಸಿದರು: ತಂಗಲು ಬಿಡದವರ ದಾಖಲೆ ಎಲ್ಲಿ?

ಈ ಪ್ರಶ್ನೆಗೆ ಎಲ್ಲರೂ ಕೊಡುವ ಸಿದ್ಧ ಉತ್ತರವೆಂದರೆ ಮುಂಬೈಯ ತಾಜ್ ಹೋಟೆಲಿನ ಕಥೆ. ಜಮ್ಷೆಟ್‌ಜಿ ಟಾಟಾ ಅವರನ್ನು ವಾಟ್ಸನ್ಸ್ ಹೋಟೆಲಿನಲ್ಲಿ ಒಳಗೆ ಬಿಡಲಿಲ್ಲ, ಆ ಅವಮಾನಕ್ಕೆ ಉತ್ತರವಾಗಿ 1903ರ ಡಿಸೆಂಬರ್ 16ರಂದು ತಾಜ್ ಬಾಗಿಲು ತೆರೆಯಿತು ಎಂಬ ಕಥೆ. ತೆರೆದ ದಿನಾಂಕ ನಿಜ. ಅವಮಾನದ ಭಾಗಕ್ಕೆ ಗಟ್ಟಿ ಆಧಾರವಿಲ್ಲವೆಂದು ಇತಿಹಾಸಕಾರರೇ ಅನುಮಾನಿಸಿದ್ದಾರೆ. ನನ್ನ ಹತ್ತಿರ ಟಿಪ್ಪಣಿ ಕೇಳಲು ಬರುವ ಎಂ.ಎ. ಹುಡುಗರಿಗೆ ಪರೀಕ್ಷೆಯಲ್ಲಿ ಇದನ್ನು ಬರೆಯಬೇಡಿ ಎನ್ನುತ್ತೇನೆ. ಅವರು ಬರೆಯುತ್ತಾರೆ. ತಿರಸ್ಕೃತನಾದವನು ಇನ್ನೂ ದೊಡ್ಡ ಹೋಟೆಲ್ ಕಟ್ಟಿದ ಎನ್ನುವ ಕಥೆ ಕೇಳಲು ಹಿತ. ತಿರಸ್ಕೃತರಾದ ಹೆಚ್ಚಿನವರು ಅಂದು ರಾತ್ರಿ ಏನು ಮಾಡಿದರು ಎನ್ನುವುದು ಅಷ್ಟು ಹಿತವಲ್ಲ.

ಅದನ್ನು ಸ್ವತಃ ಬರೆದಿಟ್ಟವರು ಇಬ್ಬರಿದ್ದಾರೆ. 1893ರಲ್ಲಿ, ದರ್ಬಾನಿನಿಂದ ಪ್ರಿಟೋರಿಯಾಕ್ಕೆ ಹೊರಟಿದ್ದ 23 ವರ್ಷದ ಬ್ಯಾರಿಸ್ಟರ್ ಗಾಂಧಿ. ಮಾರಿಟ್ಸ್‌ಬರ್ಗಿನಲ್ಲಿ ರೈಲಿನಿಂದ ತಳ್ಳಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಅದಾದ ಮೇಲೆ ಜೋಹಾನ್ಸ್‌ಬರ್ಗಿಗೆ ರಾತ್ರಿ ಬಂದಿಳಿದಾಗ ಅವರನ್ನು ಕರೆದೊಯ್ಯಲು ಬಂದಿದ್ದವನು ಕಣ್ಣಿಗೆ ಬೀಳದೆ, ಗಾಡಿ ಹಿಡಿದು ಗ್ರಾಂಡ್ ನ್ಯಾಷನಲ್ ಹೋಟೆಲಿಗೆ ಹೋದರು. ಮ್ಯಾನೇಜರ್ ಒಂದು ಕ್ಷಣ ಅವರನ್ನು ದಿಟ್ಟಿಸಿ ನೋಡಿ, ವಿನಯದಿಂದಲೇ, ಕ್ಷಮಿಸಿ, ಎಲ್ಲ ಭರ್ತಿಯಾಗಿದೆ ಎಂಬರ್ಥದ ಮಾತು ಹೇಳಿ ಬೀಳ್ಕೊಟ್ಟ. ನಂತರ ಅಲ್ಲಿನ ಭಾರತೀಯ ವರ್ತಕರ ಅಂಗಡಿಗೆ ಹೋಗಿ ಹೇಳಿದರೆ ಅವರಿಗೆ ನಗು. ಹೋಟೆಲಿನಲ್ಲಿ ಜಾಗ ಸಿಗುತ್ತದೆಂದು ಅಂದುಕೊಂಡಿದ್ದಿರಾ ಎಂದು.

ಆತ್ಮಕಥೆಯ ಈ ಭಾಗವನ್ನು ನಾನು ಮೊದಲು ಓದಿದ್ದು ಹೈಸ್ಕೂಲಿನಲ್ಲಿ. ಆಗ ಏನೂ ಅನ್ನಿಸಿರಲಿಲ್ಲ, ರೈಲಿನ ಘಟನೆಯ ಮುಂದೆ ಇದು ಸಪ್ಪೆ. ಮತ್ತೆ ಓದಿದ್ದು ಲಾಡ್ಜು ಬಿಟ್ಟಮೇಲೆ. 'ಒಂದು ಕ್ಷಣ ನೋಡಿ' ಎಂಬಲ್ಲಿ ಪುಸ್ತಕ ಮಡಚಿಟ್ಟೆ. ರೈಲಿನಲ್ಲಿ ತಳ್ಳಿದವರಿಗೆ ಕೂಗಾಟವಿತ್ತು, ಪೊಲೀಸನಿದ್ದ. ಇಲ್ಲಿ ಒಂದು ನೋಟ, ಒಂದು ವಿನಯದ ಮಾತು. ಮಾತಿನಲ್ಲಿ ಬಣ್ಣದ ಪ್ರಸ್ತಾಪವಿಲ್ಲ, ಜಗಳಕ್ಕೆ ಆಸ್ಪದವಿಲ್ಲ. ನಮ್ಮ ಹಗಲು ಪಾಳಿಯ ಅಣ್ಣ ಹೇಳಿಕೊಟ್ಟದ್ದು ಅಕ್ಷರಶಃ ಅದೇ. ಅವರು ಆತ್ಮಕಥೆ ಓದಿರಲಾರರು. ಓದಬೇಕಾಗಿಯೂ ಇಲ್ಲ, ಈ ವಿದ್ಯೆ ಕೌಂಟರಿನಿಂದ ಕೌಂಟರಿಗೆ ತಾನಾಗಿ ಹರಿದು ಬರುತ್ತದೆ.

ಪ್ರಿಟೋರಿಯಾದಲ್ಲಿ ನಡೆದದ್ದು ಸ್ವಲ್ಪ ಬೇರೆ. ನಿಲ್ದಾಣದಲ್ಲಿ ಸಿಕ್ಕ ಅಮೆರಿಕದ ಕರಿಯನೊಬ್ಬ ಗಾಂಧಿಯವರನ್ನು ಜಾನ್‌ಸ್ಟನ್ ಎಂಬಾತನ ಹೋಟೆಲಿಗೆ ಕರೆದೊಯ್ದ. ಜಾನ್‌ಸ್ಟನ್ ಜಾಗ ಕೊಟ್ಟ, ಆದರೆ ಊಟ ರೂಮಿನಲ್ಲೇ ಮಾಡಬೇಕು. ತನಗೇನೂ ಭೇದವಿಲ್ಲ, ಉಳಿದ ಗಿರಾಕಿಗಳು ಬೇಸರ ಮಾಡಿಕೊಂಡಾರು ಎಂದ. ಆಮೇಲೆ ಅವನಿಗೇ ನಾಚಿಕೆಯಾಗಿ, ಉಳಿದವರನ್ನು ಹೋಗಿ ಕೇಳಿದ. ಯಾರದೂ ಆಕ್ಷೇಪಣೆ ಇರಲಿಲ್ಲ. ಬಂದು ಗಾಂಧಿಯವರನ್ನು ಊಟದ ಕೋಣೆಗೇ ಕರೆದ. ಗಿರಾಕಿಗಳು ಬೇಡ ಅನ್ನುತ್ತಾರೆ ಎನ್ನುವುದನ್ನು ಹೋಟೆಲಿನವರು ಎಲ್ಲ ಕಾಲದಲ್ಲೂ ಹೇಳುತ್ತಾರೆ. ಹೋಗಿ ಕೇಳಿದವನು ನನಗೆ ಸಿಕ್ಕಿರುವುದು ಈ ಜಾನ್‌ಸ್ಟನ್ ಒಬ್ಬನೇ.

ಎರಡನೆಯವರು ಅಂಬೇಡ್ಕರ್. 1917ರಲ್ಲಿ, ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಹಾಜರಾದಾಗ ಅವರಿಗೆ ಉಳಿಯಲು ಜಾಗವಿರಲಿಲ್ಲ. 'ವೇಯ್ಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಆತ್ಮಕಥನದಲ್ಲಿ ಇದರ ವಿವರವಿದೆ. ಹಿಂದೂ ಹೋಟೆಲುಗಳು ಅವರನ್ನು ಸೇರಿಸುತ್ತಿರಲಿಲ್ಲ. ಜಾತಿ ಮರೆಸಿ ಸೇರಿಕೊಂಡರೆ ಮುಂದೆ ಗೊತ್ತಾದಾಗ ಗತಿಯೇನು? ಗಾಡಿಯವನನ್ನು ಕೇಳಿ ಒಂದು ಪಾರ್ಸಿ ಛತ್ರಕ್ಕೆ ಹೋದರು. ಪಾರ್ಸಿಗಳಲ್ಲಿ ಅಸ್ಪೃಶ್ಯತೆ ಇಲ್ಲವಲ್ಲ ಎಂಬ ಸಮಾಧಾನ. ಅಲ್ಲಿನ ಮೇಲ್ವಿಚಾರಕ ಹೆಸರು ಬರೆದುಕೊಳ್ಳಲು ರಿಜಿಸ್ಟರು ಹಿಡಿದು ಮಹಡಿಗೆ ಬಂದ. ಮೈಮೇಲೆ ಪಾರ್ಸಿಗಳ ಗುರುತಾದ ಸದ್ರಾ, ಕಸ್ತಿ ಕಾಣದೆ ನೀನು ಯಾರು ಎಂದು ಗಡುಸಾಗಿ ಕೇಳಿದ. ಛತ್ರ ಪಾರ್ಸಿಗಳಿಗೆ ಮಾತ್ರ ಮೀಸಲೆಂದು ತಿಳಿಯದ ಅಂಬೇಡ್ಕರ್ ಹಿಂದೂ ಎಂದರು. ಹಾಗಾದರೆ ಇಲ್ಲಿ ಜಾಗವಿಲ್ಲ. ಬೇರೆಲ್ಲೂ ಹೋಗಲು ದಾರಿಯಿಲ್ಲದೆ ಅಂಬೇಡ್ಕರರೇ ಒಂದು ಉಪಾಯ ಹೇಳಿದರು: ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಯುತ್ತೇನೆ. ಬಹಳ ದಿನದಿಂದ ಗಿರಾಕಿ ಕಾಣದ ಮೇಲ್ವಿಚಾರಕ ಒಪ್ಪಿದ. ಊಟ, ವಸತಿಗೆ ದಿನಕ್ಕೆ ಒಂದೂವರೆ ರೂಪಾಯಿ.

ಮುರುಕು ಬೆಂಚು, ಮುರಿದ ಕುರ್ಚಿಗಳನ್ನು ತುಂಬಿದ ಆ ದೊಡ್ಡ ಹಜಾರದಲ್ಲಿ ಅವರೊಬ್ಬರೇ. 11ನೇ ದಿನ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಹತ್ತು ಹನ್ನೆರಡು ಪಾರ್ಸಿಗಳು ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಜಾಗ ಖಾಲಿಯಾಗಬೇಕೆಂದು ಬೆದರಿಸಿದರು. ಊರಿನಲ್ಲಿದ್ದ ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರಿಂದಲೂ ಸಹಾಯವಾಗಲಿಲ್ಲ. ರಾತ್ರಿ 9 ಗಂಟೆಯ ಮುಂಬೈ ರೈಲಿನವರೆಗೆ ಹೊತ್ತು ಕಳೆದದ್ದು ಕಾಮಾಠಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ.

ಇದನ್ನು ಓದಿದವರು ದೊಣ್ಣೆಯವರ ಬಗ್ಗೆ ಮಾತಾಡುತ್ತಾರೆ, ಮಾತಾಡಬೇಕಾದ್ದೇ. ನನ್ನ ಕಣ್ಣು ಮಾತ್ರ ಆ ರಿಜಿಸ್ಟರಿನ ಮೇಲೆ. ಅದು ಇವತ್ತು ಯಾವುದಾದರೂ ಸಂಶೋಧಕನ ಕೈಗೆ ಬಂತೆಂದು ಇಟ್ಟುಕೊಳ್ಳಿ. ಅದರಲ್ಲಿ ಅವನು ಕಾಣುವುದು ಹತ್ತು ಹನ್ನೊಂದು ದಿನ ತಂಗಿದ್ದ ಒಬ್ಬ ಪಾರ್ಸಿಯನ್ನು. ತನ್ನ ಕೋಷ್ಟಕದಲ್ಲಿ ಪಾರ್ಸಿ ಪ್ರಯಾಣಿಕರ ಸಂಖ್ಯೆಗೆ ಒಂದು ಸೇರಿಸಿ ಮುಂದೆ ಹೋಗುತ್ತಾನೆ. ಅಂಬೇಡ್ಕರ್ ತಾವೇ ಬರೆದಿಡದಿದ್ದರೆ, ಸಹಿಯಿರುವ, ತಾರೀಖಿರುವ ಆ ದಾಖಲೆಯೇ ಸತ್ಯವಾಗಿ ಉಳಿಯುತ್ತಿತ್ತು. ಛತ್ರಗಳ ರಿಜಿಸ್ಟರು ಹಿಡಿದು ಜಾತಿವಾರು ಕೋಷ್ಟಕ ಮಾಡುವ ಯೋಜನೆ ನನ್ನ ಸಾರಾಂಶದಲ್ಲಿತ್ತು. ಆ ಭಾಗವನ್ನು ತೆಗೆದುಹಾಕಿದೆ. ಇಂಟರ್‌ವ್ಯೂನಲ್ಲಿ ಊರಿನ ಹೆಸರು ನುಂಗಿಕೊಂಡು ಕೆಲಸಕ್ಕೆ ಸೇರಿದವನು ನಾನು. ರಿಜಿಸ್ಟರಿನಲ್ಲಿ ಜನ ಏನು ಬರೆಯುತ್ತಾರೆ, ಏನು ಬಿಡುತ್ತಾರೆ ಎನ್ನುವುದು ನನಗೆ ಮೊದಲೇ ಹೊಳೆಯಬೇಕಿತ್ತು.

ನಮ್ಮ ಊರುಗಳ ಛತ್ರಗಳ ಕಥೆಯೂ ಇದಕ್ಕಿಂತ ಬಹಳ ದೂರವಿಲ್ಲ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರ, ಸೀತಾ ವಿಲಾಸ ಛತ್ರ, ಬೆಂಗಳೂರು ರೈಲು ನಿಲ್ದಾಣದೆದುರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ, ಇವೆಲ್ಲ ದೊಡ್ಡ ಮನಸ್ಸಿನವರ ಕೆಲಸ. ಅನ್ನದ, ನೆರಳಿನ ದಾನವೆಂದರೆ ನಮ್ಮಲ್ಲಿ ಶಾಸನಗಳ ಕಾಲದಿಂದ ಪುಣ್ಯ. ಜೊತೆಗೇ ಊರೂರಿನಲ್ಲಿ ಇಂಥ ಸಮಾಜದ ಛತ್ರ, ಇಂಥವರ ಸಂಘದ ವಿದ್ಯಾರ್ಥಿನಿಲಯ ಎಂಬ ಬೋರ್ಡುಗಳೂ ಎದ್ದವು. ಸಮಾಜದ ಹೆಸರಿಲ್ಲದವನು ಎಲ್ಲಿ ಮಲಗಬೇಕು ಎನ್ನುವುದಕ್ಕೆ ಉತ್ತರ ಬಹಳ ಕಾಲ ಮರದ ಬುಡವೇ. ದುಡ್ಡು ಕೊಟ್ಟವನಿಗೆ ರೂಮು ಎಂಬ ಲಾಡ್ಜಿನ ವ್ಯವಹಾರ ಈ ದೃಷ್ಟಿಯಿಂದ ನಿಜಕ್ಕೂ ಒಂದು ಬಿಡುಗಡೆ. ಲಾಡ್ಜುಗಳ ಬಗ್ಗೆ ಹಗುರವಾಗಿ ಮಾತಾಡುವ ಮರ್ಯಾದಸ್ಥರೊಂದಿಗೆ ನಾನು ಈ ಕಾರಣಕ್ಕೇ ವಾದಕ್ಕಿಳಿಯುತ್ತೇನೆ.

ಈ ಬಿಡುಗಡೆಗೆ ಸಂವಿಧಾನದ ಮಾತೂ ಇದೆ. 15ನೇ ವಿಧಿಯ ಎರಡನೇ ಭಾಗ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಯಾವ ನಾಗರಿಕನಿಗೂ ಅಂಗಡಿ, ಉಪಾಹಾರಗೃಹ, ಹೋಟೆಲು, ಮನರಂಜನೆಯ ಸ್ಥಳಗಳ ಪ್ರವೇಶದಲ್ಲಿ ಅಡ್ಡಿಯಾಗಬಾರದು ಎನ್ನುತ್ತದೆ. ಹೋಟೆಲು ಎಂಬ ಪದ ಒಂದು ದೇಶದ ಸಂವಿಧಾನದಲ್ಲಿ ಯಾಕಿದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆಯಾದಾಗ, ಅಂಗಡಿ ಎಂದರೆ ಕ್ಷೌರದ ಅಂಗಡಿ, ಬಟ್ಟೆ ಒಗೆಯುವ ಅಂಗಡಿಯೂ ಸೇರುತ್ತದೆಯೇ ಎಂದು ಎಸ್. ನಾಗಪ್ಪ ಕೇಳಿದರು. ದುಡ್ಡು ಪಡೆದು ಸೇವೆ ಕೊಡಲು ಕೂತವರೆಲ್ಲರಿಗೂ ಅನ್ವಯಿಸುವಷ್ಟು ಅಗಲವಾದ ಅರ್ಥದಲ್ಲಿ ಆ ಪದವನ್ನು ತೆಗೆದುಕೊಳ್ಳಬೇಕೆಂಬ ವಿವರಣೆ ಕೊಟ್ಟವರು ಅಂಬೇಡ್ಕರ್. ಕಾಮಾಠಿ ಬಾಗಿನ ಆ ಸಂಜೆಗೆ ಆಗ 31 ವರ್ಷ. ಅದೇ ದಿನ ಅಸ್ಪೃಶ್ಯತೆಯನ್ನು ರದ್ದುಮಾಡುವ ವಿಧಿಯೂ ಅಂಗೀಕಾರವಾಯಿತು.

ಹಾಗಾಗಿ ನಾನು ಕೂತಿದ್ದ ಕೌಂಟರಿನಲ್ಲಿ ಜಾತಿ ಕೇಳುವಂತಿರಲಿಲ್ಲ. ಕೇಳುತ್ತಲೂ ಇರಲಿಲ್ಲ. ಮ್ಯಾನೇಜರ ನಿಯಮಗಳೆಲ್ಲ ಬೇರೆ ಹೆಸರಿನವು. ಲೋಕಲ್ ವಿಳಾಸದವರಿಗೆ ಕೊಡಬೇಡ. ಒಂಟಿ ಹೆಂಗಸರಿಗೆ ರಾತ್ರಿ ಹತ್ತರ ಮೇಲೆ ಬೇಡ. ಜೋಡಿ ಬಂದರೆ ಇಬ್ಬರ ಗುರುತಿನ ಚೀಟಿಯಲ್ಲೂ ಒಂದೇ ವಿಳಾಸವಿದೆಯಾ ನೋಡು. ಮದುವೆಯಾಗದವರು ಹೋಟೆಲಿನಲ್ಲಿ ಒಂದೇ ರೂಮು ಹಿಡಿಯುವುದನ್ನು ತಡೆಯುವ ಕಾನೂನೇ ಇಲ್ಲವೆಂದು ಮದ್ರಾಸ್ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಆ ಸುದ್ದಿಯಿದ್ದ ಪೇಪರು ನಮ್ಮ ಕೌಂಟರಿನ ಮೇಲೆಯೇ ಬಿದ್ದಿತ್ತು, ನಿಯಮ ಬದಲಾಗಲಿಲ್ಲ. ಕೊನೆಯ ನಿಯಮಕ್ಕೆ ಹೆಸರೇ ಇರಲಿಲ್ಲ. ಪಾರ್ಟಿ ನೋಡ್ಕೊಂಡು ಕೊಡು, ಅಷ್ಟೇ.

ಮೊದಲ ದಸರೆಯಲ್ಲಿ ರೂಂ ಖಾಲಿ ಇಲ್ಲ ಎನ್ನುವ ಮಾತನ್ನು ನೂರಾರು ಸಲ ಹೇಳಿದೆ. ಎಲ್ಲವೂ ನಿಜ. ಬೋಳು ಕೊಂಡಿಗಳ ಹಲಗೆಯನ್ನು ತೋರಿಸಿ ಹೇಳಬಹುದಾದ ನಿಜ. ನಿಜ ಹೇಳಿ ಹೇಳಿ ಆ ವಾಕ್ಯ ನಾಲಿಗೆಗೆ ಹತ್ತಿತು.

ಆಮೇಲೆ ನವೆಂಬರ್. ಸಂಜೆಯಿಂದ ಹಿಡಿದ ಜಡಿಮಳೆ. ಹನ್ನೊಂದೂವರೆ ಹೊತ್ತಿಗೆ ಒಬ್ಬ ಮುದುಕ, ಜೊತೆಗೆ ಹದಿನಾಲ್ಕೋ ಹದಿನೈದೋ ವಯಸ್ಸಿನ ಹುಡುಗಿ ಮೆಟ್ಟಿಲು ಹತ್ತಿ ಬಂದರು. ಹವಾಯಿ ಚಪ್ಪಲಿ. ಗೊಬ್ಬರದ ಚೀಲ ಹೊಲಿದು ಮಾಡಿದ ಬ್ಯಾಗು. ಹುಡುಗಿ ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದುಕೊಂಡಿದ್ದಳು, ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ಬುದ್ಧೀ, ಒಂದ್ ರೂಮಿದ್ದದಾ? ಬೆಳಗಾನ ದೊಡ್ಡಾಸ್ಪತ್ರಗ ತೋರಿಸ್ಬೇಕು. ದುಡ್ಡದ."

ಚಾಮರಾಜನಗರದ ಕಡೆಯ ಮಾತು. ನಮ್ಮ ತಾತನ ಮಾತು. ತಾತನೂ ಊರಿನ ದೊಡ್ಡವರನ್ನು ಬುದ್ಧಿ ಎಂದೇ ಕರೆಯುತ್ತಿದ್ದ, ನೆಲ ನೋಡಿಕೊಂಡು. 22 ವರ್ಷದ ನನ್ನನ್ನು ಬುದ್ಧಿ ಎಂದವರು ಅವರೇ ಮೊದಲು. ಮುದುಕ ಒಳಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು ಅದರೊಳಗಿನ ಎಲೆಕ್ಷನ್ ಕಾರ್ಡು ಬಿಚ್ಚತೊಡಗಿದರು. ಒಳಗಿನ ಕುರ್ಚಿಯಲ್ಲಿ ಲೆಕ್ಕ ನೋಡುತ್ತಿದ್ದ ಮ್ಯಾನೇಜರು ತಲೆಯೆತ್ತಿ ನೋಡಿದರು, ಮತ್ತೆ ತಗ್ಗಿಸಿದರು. ತಲೆಯಾಡಿಸಿದರೇ? ಆಡಿಸಿದರು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಕೇಳಿದರೆ, ಇಲ್ಲ. ಅವರು ಬರೀ ನೋಡಿದರು.

"ರೂಂ ಖಾಲಿ ಇಲ್ಲ," ಅಂದೆ.

ಮುದುಕ ನನ್ನ ಮುಖ ನೋಡಲಿಲ್ಲ. ನನ್ನ ತಲೆಯ ಮೇಲೆ, ಹಿಂದಿನ ಹಲಗೆಯಲ್ಲಿ ತೂಗುತ್ತಿದ್ದ ಬೀಗದ ಕೈಗಳನ್ನು ನೋಡಿದರು. ಕಾರ್ಡನ್ನು ಮತ್ತೆ ಕವರಿನೊಳಗೆ ಹಾಕಿ ನಾಲ್ಕು ಮಡಿಕೆ ಮಡಿಸಿದರು. "ಆಯ್ತು ಬುದ್ಧಿ" ಎಂದರು. ಹುಡುಗಿ ಮೊದಲು ಇಳಿದಳು.

ಬೆಳಿಗ್ಗೆ 7ಕ್ಕೆ ಪಾಳಿ ಮುಗಿಸಿ ಹಾಸ್ಟೆಲಿಗೆ ಹೋಗಲು ಬಸ್ ನಿಲ್ದಾಣಕ್ಕೆ ಬಂದಾಗ ಇಬ್ಬರೂ ಕಲ್ಲುಬೆಂಚಿನ ಮೇಲಿದ್ದರು. ಹುಡುಗಿ ಚೀಲದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಮುದುಕ ಎದ್ದು ಕೂತು ಬೀಡಿ ಹಚ್ಚುತ್ತಿದ್ದರು. ನಾನು ಹಿಂದಿನ ಗೇಟಿನಿಂದ ಸುತ್ತು ಹಾಕಿಕೊಂಡು ಹೋದೆ.

ಕಳೆದ ವರ್ಷ ಸಂಶೋಧನೆಗೆಂದು ಅದೇ ಲಾಡ್ಜಿಗೆ ಹೋಗಿ ಹಳೆಯ ರಿಜಿಸ್ಟರುಗಳನ್ನು ಕೇಳಿದೆ. ಮ್ಯಾನೇಜರು ಸಂತೋಷದಿಂದಲೇ ಸ್ಟೋರ್ ರೂಮಿನ ಬೀಗದ ಕೈ ಕೊಟ್ಟರು, ಡಾಕ್ಟರ್ ಆಗ್ತೀಯಂತೆ ಎಂದು ಕಾಫಿ ತರಿಸಿದರು. ಆ ನವೆಂಬರಿನ ಪುಟ ಸಿಕ್ಕಿತು. ಆ ರಾತ್ರಿ ಬಂದವರು ಹನ್ನೆರಡು ಪಾರ್ಟಿ. ಹಾಸನದ ಸೀಡ್ಸ್ ಕಂಪನಿಯವರು, ಊಟಿಗೆ ಹೊರಟ ಒಂದು ಕುಟುಂಬ, ಕೋರ್ಟು ಕೆಲಸಕ್ಕೆ ಬಂದವರು. ಹನ್ನೊಂದೂವರೆಗೆ ಯಾರೂ ಬಂದಿಲ್ಲ. ಆದರೆ ಪಾಳಿ ಮುಗಿಸುವ ಮುನ್ನ ರಾತ್ರಿಯ ಲೆಕ್ಕವನ್ನು ಪುಟದ ಕೆಳಗೆ ಬರೆಯುವುದು ರಿಸೆಪ್ಷನಿಸ್ಟನ ಕೆಲಸ, ಅದನ್ನು ಬರೆದಿದ್ದೇನೆ. ಒಟ್ಟು ರೂಂ 18, ಭರ್ತಿ 12, ಖಾಲಿ 6. ಕೆಳಗೆ ನನ್ನ ಸಹಿ, ಇನಿಶಿಯಲ್ ಸಮೇತ.

ಮಾರ್ಗದರ್ಶಕರಿಗೆ ಆ ಪುಟದ ಫೋಟೋ ಕಳಿಸಿದ್ದೇನೆ.